ಕಂಬಳಿ ಹೊದ್ದ ಗೋಡೆ

ಬೆಳಗ್ಗೆ ಪಡಸಾಲೆಯ ಗೋಡೆ ಪಕ್ಕ ಕಂಬಳಿ ಕೊಡವಲು ಮೇಲೆತ್ತಿದ ಹೊನ್ನೂರಮ್ಮನ ಕೈ ಅಲ್ಲೇ ನಿಂತಿತು. ಅವಳ ಹಿಂದೆಯೇ ಗಂಡ ಜಯಪ್ಪ ಗ್ರಾಮಾಫೋನಿಗೆ ಕೀಲಿ ಕೊಟ್ಟು ಪ್ಲೇಟು ಹಾಕಿದ್ದ. ಇಷ್ಟು ದಿನ ಗವಿಯೊಳಗೆ ಕೂಗಿದಂತೆ ಕಲಸಿಹೋಗುತ್ತಿದ್ದ ಹಾಡು ಈಗ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಕಂಬಳಿ ಇಳಿಸಿದಳು, ಮತ್ತೆ ಗವಿ. ಎತ್ತಿದಳು, ಮಾತು.

ಜಗಳೂರಿನ ಆ ಓಣಿಯಲ್ಲಿ ಗಾರೆ ಗೋಡೆಯ ಪಡಸಾಲೆ ಅವರದೊಂದೇ. ಅದಕ್ಕೊಂದು ಮೊಳೆ ಹೊಡೆಯಲೂ ಜಯಪ್ಪ ಬಿಡುತ್ತಿರಲಿಲ್ಲ. ಹಾಡು ಕಲಸಿಹೋದರೆ ಬೈಗುಳವೆಲ್ಲ ಪ್ಲೇಟಿಗೆ.

"ನಿಮ್ಮಕ್ಕ ಕೊಟ್ಟಿದ್ದು ಸವೆದೈತೆ ಕಣೆ. ಸಂತೇಲಿ ಕೊಟ್ಟು ಬ್ಯಾರೇದು ತರ್ತೀನಿ."

ಹೊನ್ನೂರಮ್ಮ ಕಂಬಳಿ ಕೆಳಗಿಟ್ಟಳು. ಅದು ಅಕ್ಕ ಕೊಟ್ಟದ್ದಲ್ಲ. ಮದುವೆಗೆ ಮುಂಚೆ ಸೋದರಮಾವನ ಜೊತೆ ದಾವಣಗೆರೆಗೆ ಹೋಗಿ, ಬಾಡಿಗೆ ಮನೆಯೊಂದರಲ್ಲಿ ಹಾಡು ಮುದ್ರಿಸುವ ಯಂತ್ರದ ಮುಂದೆ ನಿಂತು ಅವಳೇ ಹಾಡಿದ್ದು. ಗ್ರಾಮಾಫೋನ್ ಪೆಟ್ಟಿಗೆಗೆ ಹಾಡಿದವಳಿಗೆ ಗಂಡು ಸಿಕ್ಕುವುದಿಲ್ಲವೆಂದು ತವರಿನವರು ಆ ಸಂಗತಿ ಮುಚ್ಚಿಟ್ಟು, ಪ್ಲೇಟು ಅಕ್ಕ ಕೊಟ್ಟದ್ದೆಂದು ಹೇಳಿದ್ದರು. ಪ್ಲೇಟಿನ ಮೇಲೆ ಹೆಸರಿಲ್ಲ. ತನ್ನ ದನಿ ಹೇಗಿತ್ತೆಂದು ಅವಳೇ ಒಮ್ಮೆಯೂ ನೆಟ್ಟಗೆ ಕೇಳಿರಲಿಲ್ಲ.

"ಪ್ಲೇಟಿನ ತಪ್ಪಲ್ಲರೀ, ಗೋಡೇದು. ಸಂತೆ ತನಕ ತಡೀರಿ."

ಕೆಲಸದ ನಡುನಡುವೆ ಬಿಡುವು ಮಾಡಿಕೊಂಡು, ಗೋಡೆಯ ಮುಂದೆ ತೊಲೆಯಿಂದ ಬಿದಿರುಗಳನ್ನು ಇಳಿಬಿಟ್ಟು ಎರಡು ಕರಿ ಕಂಬಳಿ ತೂಗುಹಾಕಿದಳು. ಅತ್ತೆ ಗಾದ್ರಮ್ಮ ಬಾಗಿಲಲ್ಲೇ ನಿಂತಳು.

"ಇದೇನೇ, ಗೋಡೆಗೆ ಚಳಿಜ್ವರ ಬಂದೈತಾ? ಕುರಿಹಟ್ಟಿ ಮಾಡ್ದೆಲ್ಲೇ ಮನೇನಾ!"

ಹೊನ್ನೂರಮ್ಮ ನಕ್ಕು, ಬಟ್ಟೆ ಪೆಟ್ಟಿಗೆಯಿಂದ ಕೆಂಪಂಚಿನ ಹಸಿರು ಸೀರೆ ತೆಗೆದಳು. ಏಳು ವರ್ಷದ ಮಗಳು ಓಬವ್ವ ಒಂದು ತುದಿ ಹಿಡಿದಳು. ಕಂಬಳಿಯ ಮೇಲೆ ನಿರಿಗೆ ಇಳಿಯಿತು. ಗಾದ್ರಮ್ಮ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಹ್ಞೂಂ, ಈಗ ಮದಲಗಿತ್ತಿ ಆತು ನೋಡು."

ಸಂಜೆ ಜಯಪ್ಪ ಅದೇ ಪ್ಲೇಟಿನ ಮೇಲೆ ಮುಳ್ಳು ಇಳಿಸಿದ. ಹದಿನಾರರ ಹುಡುಗಿಯೊಬ್ಬಳು ನಾಲ್ವರ ನಡುವೆ ಬಂದು ಕೂತಂತೆ ದನಿ ಎದ್ದಿತು. ತಾನಂದುಕೊಂಡದ್ದಕ್ಕಿಂತ ತೆಳು, ಆದರೆ ಅಂಜಿಕೆಯಿಲ್ಲ. ಹೊನ್ನೂರಮ್ಮ ಸೆರಗು ಬಾಯಿಗೊತ್ತಿ ಕೇಳಿದಳು.

"ಯಾರೋ ಏನೋ, ಭಾಳ ಚೆನ್ನಾಗಿ ಹಾಡ್ಯಾಳೆ," ಎಂದ ಜಯಪ್ಪ. "ಇದನ್ನ ಕೊಡಾದು ಬ್ಯಾಡ ಬಿಡು."

ಎರಡನೆಯ ಸಾಲಿನ ನಡುವೆ ಹಾಡುವವಳು ಪುಟ್ಟದಾಗಿ ಉಸಿರೆಳೆದುಕೊಂಡಳು. ದಿನಾ ಬೀಸುವ ಕಲ್ಲಿನ ಮುಂದೆ ಅವ್ವ ಹಾಡುವಾಗ ಓಬವ್ವನಿಗೆ ಕೇಳುವ ಉಸಿರು. ಓಬವ್ವ ಗ್ರಾಮಾಫೋನಿನ ಕಹಳೆ ನೋಡಿದಳು, ಅವ್ವನ ಮುಖ ನೋಡಿದಳು. ಹಾಡು ಮುಗಿದು ಮುಳ್ಳು ಕರಕರ ಅನ್ನುತ್ತಿತ್ತು. ಯಾರೂ ಎದ್ದಿರಲಿಲ್ಲ.

"ಅವ್ವಾ," ಎಂದಳು ಓಬವ್ವ, "ಈ ಪೆಟ್ಟಿಗ್ಯಾಗೆ ಹಾಡಾಕೆ ನೀನು ಯಾವಾಗ ಹೋಗಿದ್ದೆ?"