ಬಾಗಿಲಲ್ಲಿ ಒಂದು ಒಡಪು

ಕೊಲ್ಹಾಪುರದ ರಂಕಾಳ ಕೆರೆಯ ದಂಡೆಯ ಮೇಲಿನ ಗಾಜಿನ ಬಾಗಿಲಿನ ಹೋಟೆಲಿನ ಮುಂದೆ ಶಾಲನ್‌ಬಾಯಿ ರಿಕ್ಷಾ ಇಳಿದಾಗ ದೀಪ ಹಚ್ಚುವ ಹೊತ್ತು. ಮದುವೆಯಾದ ಹೊಸದರಲ್ಲಿ ಇದೇ ದಾರಿಯಲ್ಲಿ ಹೋಗುವಾಗ, ಒಮ್ಮೆ ಒಳಗೆ ಕೂತು ಉಣ್ಣಬೇಕು ಎಂದು ಆಸೆಪಟ್ಟಿದ್ದಳು. ನಮ್ಮ ಮನೆಯ ಮಟನ್ ರಸ್ಸಾದ ರುಚಿ ಇವರಪ್ಪನಿಗೂ ಬರುವುದಿಲ್ಲ ಎಂದು ಗಂಡ ಸೈಕಲ್ ನಿಲ್ಲಿಸದೆ ತುಳಿದಿದ್ದ. ಈಗ ತಲೆ ಬೆಳ್ಳಗಾದ ಮೇಲೆ ಅದೇ ಗಂಡ ಅಲ್ಲಿಯೇ ಟೇಬಲ್ ಹಿಡಿಸಿ, ಅವಳ ಅಣ್ಣನ ಕೈಲಿ ಹೇಳಿಕಳಿಸಿದ್ದ.

ಹಾಗೆ ಹೇಳಿಕಳಿಸುವ ಪ್ರಸಂಗ ಬಂದದ್ದು ಒಂದು ಎಮ್ಮೆಯಿಂದ. ಚಂದ್ರಿಯನ್ನು ಕರುವಿನಿಂದ ಸಾಕಿದವಳು ಶಾಲನ್. ದಿನಾ ಸಂಜೆ ಪೇಟೆಯ ಹಾಲಿನ ಕಟ್ಟೆಗೆ ಹೊಡೆದುಕೊಂಡು ಹೋಗಿ, ಗಿರಾಕಿಗಳ ಕಣ್ಣೆದುರೇ ನೊರೆಹಾಲು ಕರೆದುಕೊಡುತ್ತಿದ್ದವಳೂ ಅವಳೇ. ಅವಳು ಗುಡ್ಡದ ಜ್ಯೋತಿಬಾ ದೇವರ ದರ್ಶನ ಮುಗಿಸಿ ಬರುವಷ್ಟರಲ್ಲಿ ಕೊಟ್ಟಿಗೆ ಬರಿದಾಗಿತ್ತು. ಮಂಡಿನೋವಿನ ಹೆಂಡತಿಗೆ ಒಂದಿಷ್ಟು ಆರಾಮ ಸಿಗಲಿ ಎಂದು ಮಾರಿದೆ ಎಂದ ಗಂಡ. ಮನಸ್ಸು ಕೆಟ್ಟದ್ದಲ್ಲ; ಆದರೆ ಒಂದು ಮಾತು ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಅವತ್ತೇ ಚೀಲ ತುಂಬಿಕೊಂಡು ಅಣ್ಣನ ಮನೆ ಸೇರಿದವಳು, ಗುಡಿಪಾಡ್ಯದ ಹಬ್ಬವನ್ನೂ ಅಲ್ಲೇ ಮಾಡಿದ್ದಳು.

ಬರುವಾಗ ರಿಕ್ಷಾದಲ್ಲಿ ಅವಳು ಒಂದು ನಿರ್ಧಾರ ಮಾಡಿದ್ದಳು. ಇವತ್ತೂ ತನ್ನನ್ನು ಕೇಳದೆ ತನಗೂ ಸೇರಿಸಿ ಅವನೇ ಊಟ ಹೇಳಿದರೆ, ಮರ್ಯಾದೆಯಿಂದ ಉಂಡು ಅಣ್ಣನ ಮನೆಗೇ ಹಿಂದಿರುಗುವುದು. ಮತ್ತೆ ಯಾರು ಕರೆದರೂ ಬರುವುದಿಲ್ಲ.

ಬಾಗಿಲಲ್ಲಿ ಕರಿ ಕೋಟಿನ ಹುಡುಗಿ ನಗುತ್ತಾ ತಡೆದಳು. “ಯಾರ ಹೆಸರಿನ್ಯಾಗ ಟೇಬಲ್ ಐತ್ರಿ, ಕಾಕೂ?”

“ಪಾಟೀಲ.”

“ಇವತ್ತ ಅರ್ಧ ಹೋಟೆಲ್ಲ ಪಾಟೀಲರದ ಐತ್ರಿ. ಪೂರ್ತಿ ಹೆಸರ ಹೇಳ್ರಿ.”

ಕೊಲ್ಹಾಪುರದಲ್ಲಿ ಬರೀ ಪಾಟೀಲ ಎಂದರೆ ಏನೂ ಹೇಳದಂತೆಯೇ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯವರು ಎಂದಳು, ಬಿಳಿ ಟೋಪಿಯವರು ಎಂದಳು, ಎತ್ತರದವರು ಎಂದಳು. ಯಾವುದೂ ನಡೆಯಲಿಲ್ಲ. ಗಂಡನ ಹೆಸರನ್ನು ನೇರವಾಗಿ ಬಾಯಿಂದ ಆಡಿದವಳೇ ಅಲ್ಲ ಅವಳು. ಮದುವೆಯ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಹಟ ಹಿಡಿದಾಗಲೂ ಹೆಸರನ್ನು ಪ್ರಾಸದ ಸಾಲಿನಲ್ಲಿ ಹೆಣೆದು, ಒಡಪು ಕಟ್ಟಿಯೇ ಹೇಳಿದ್ದಳು.

ಹುಡುಗಿಗೆ ವಿಷಯ ಹೊಳೆಯಿತು. ಅವಳೂ ಅದೇ ಊರಿನವಳಲ್ಲವೇ. “ಒಡಪಿನ್ಯಾಗ ಹೇಳ್ರಿ ಹಂಗಾರ,” ಎಂದು ದನಿ ತಗ್ಗಿಸಿದಳು. “ಮುಂದಿನ ತಿಂಗಳ ನನ್ನ ಮದುವಿ. ನನಗೂ ಒಂದ ಬೇಕಾಗೇತಿ.”

ಶಾಲನ್‌ಗೆ ಹಳೆಯದೇ ನಾಲಿಗೆಗೆ ಬಂತು: ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಇಂಥವರು ಬಂದರ ಮನಿತುಂಬ ಬೆಳಕ. ಆದರೆ ಇವತ್ತು ಅದು ಬೇಡವೆನಿಸಿತು. ಸೆರಗು ಸರಿಮಾಡಿಕೊಂಡು, ಒಂದು ಗಳಿಗೆ ನೆಲ ನೋಡಿ, ಹೊಸದೇ ಕಟ್ಟಿದಳು:

“ಕೊಲ್ಹಾಪುರದ ಕೆಂಪು ರಸ್ಸಾ, ಹದಕ್ಕ ಬೇಕು ಉಪ್ಪು;
ಬಾಜೀರಾಯರು ಕೇಳಿ ಮಾಡಿದ್ರ ಯಾಕ ಆಗ್ತಿತ್ತು ತಪ್ಪು?”

ನಗಲು ಹೋದ ಹುಡುಗಿ ಅವಳ ಬೆನ್ನ ಹಿಂದೆ ನೋಡಿದಳು. ಅಲ್ಲಿ ಬಾಜೀರಾವ್ ನಿಂತಿದ್ದ. ಸ್ಕೂಟರ್ ನಿಲ್ಲಿಸಿ ಬಂದವನು ಇಸ್ತ್ರಿ ಅಂಗಿ ತೊಟ್ಟು, ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಎಷ್ಟು ಕೇಳಿಸಿತೆಂದು ಕೇಳಬೇಕಾಗಿರಲಿಲ್ಲ, ಕಿವಿ ಕೆಂಪಾಗಿದ್ದವು.

ಕಿಟಕಿಯ ಪಕ್ಕದ ಟೇಬಲ್ಲು. ಬಟ್ಟೆಯ ಕರವಸ್ತ್ರವನ್ನು ಹೂವಿನ ಹಾಗೆ ಮಡಿಸಿ ಇಟ್ಟಿದ್ದರು. ಬಿಚ್ಚಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಮಾಣಿ ಬಂದು ನಿಂತ ಕೂಡಲೇ ಬಾಜೀರಾವ್ ವಾಡಿಕೆಯಂತೆ ಬಾಯಿ ತೆರೆದ. “ಇಬ್ಬರಿಗೂ ಮಟನ್...”

ಶಾಲನ್ ಕೆರೆಯ ಕಡೆ ಮುಖ ತಿರುಗಿಸಿದಳು.

ಮಾತು ಅಲ್ಲಿಗೇ ನಿಂತಿತು. ಅವನು ಊಟದ ಪಟ್ಟಿಯನ್ನು ಮೇಜಿನ ಮೇಲೆ ಮೆಲ್ಲಗೆ ಅವಳ ಕಡೆ ಸರಿಸಿದ.

“ನಿನಗೇನ ಬೇಕ?”

ಕೇಳುವವರಿಲ್ಲದ ಮೇಲೆ ಬೇಕುಗಳೂ ಮೂಲೆ ಸೇರುತ್ತವೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅವಸರದ ಮನುಷ್ಯ ಬಾಜೀರಾವ್ ಅಂದು ಮಾಣಿಗೆ ತಾನೇ ಸ್ವಲ್ಪ ತಡೆಯಲು ಹೇಳಿ, ಕೈಕಟ್ಟಿ ಕಾದ. ಕೊನೆಗೆ ಅವಳು ಹುರಿದ ಮೀನು ಹೇಳಿದಳು. ಆಕೆಗೆ ಮೀನು ಇಷ್ಟವೆಂಬುದು ಇಷ್ಟು ವರ್ಷ ಮಟನ್ ಉಣಿಸಿದವನಿಗೆ ಹೊಸ ಸುದ್ದಿ.

ಊಟದ ನಡುವೆ ಅವನು ಚಂದ್ರಿಯ ಮಾತು ತೆಗೆದ. ಕೊಂಡವನ ಮನೆಗೆ ಎರಡು ಸಲ ಹೋಗಿ ಬಂದಿದ್ದನಂತೆ, ಅವನು ಬಿಟ್ಟುಕೊಡಲಿಲ್ಲವಂತೆ. ಬೇರೆ ಎಮ್ಮೆ ಕೊಳ್ಳಲು ಸೋಮವಾರ ವಡಗಾಂವದ ದನದ ಸಂತೆಗೆ ಹೋಗೋಣವೆಂದು ಹೇಳಲು ಹೊರಟವನು ನಾಲಿಗೆ ಕಚ್ಚಿಕೊಂಡು, “ಹೋಗೂಣೇನು? ನೀನ ಆರಿಸು. ಬ್ಯಾಡಂದ್ರ ಬ್ಯಾಡ,” ಎಂದ.

“ನೋಡೂಣು,” ಎಂದಳು ಶಾಲನ್. ಮೀನಿನ ಒಂದು ತುಂಡು ಮುರಿದು ಅವನ ತಟ್ಟೆಗೆ ಹಾಕಿದಳು.

ಅವನು ತಿಂದು, ತುಸು ಧೈರ್ಯ ಮಾಡಿ, “ನಿನ್ನ ಒಡಪಿನ್ಯಾಗ ಉಪ್ಪು ಜರಾ ಹೆಚ್ಚಾತು,” ಎಂದ.

“ಹದಾನ ಐತಿ. ನಿಮಗ ರೂಢಿ ಇಲ್ಲ.”

ಹೊರಗೆ ಬರುವಾಗ ಬಾಗಿಲ ಹುಡುಗಿ ಒಡಪನ್ನು ಬಾಯಲ್ಲೇ ಗುನುಗಿಕೊಳ್ಳುತ್ತಿದ್ದಳು. ಬಾಜೀರಾಯರ ಜಾಗದಲ್ಲಿ ಬೇರೆ ಯಾವುದೋ ಹೆಸರಿತ್ತು. ಕೆರೆಯ ಗಾಳಿ ತಂಪಾಗಿತ್ತು. ಬಾಜೀರಾವ್ ಸ್ಕೂಟರ್ ಹತ್ತಿದ. ಆದರೆ ಚಾಲೂ ಮಾಡದೆ ಕೂತ. ಎತ್ತ ಹೋಗಬೇಕೆಂದು ಅವನು ಹೇಳಲಿಲ್ಲ. ಅವಳು ಹೇಳಲಿ ಎಂದು ಕಾದ.

ಶಾಲನ್ ಹಿಂದೆ ಕೂತು ಸೆರಗು ಸಿಕ್ಕಿಸಿಕೊಂಡಳು.

“ಮೊದಲ ಅಣ್ಣನ ಮನಿಗೆ ನಡೀರಿ,” ಎಂದಳು. “ಚೀಲ ಅಲ್ಲೇ ಐತಿ. ತಗೊಂಡ ಹೋಗೂಣು.”