ಕಾರ್ಡು ಹೇಳಿದ ಸುಳ್ಳು

ಬಾಗಿಲು ಬಡಿದರೆ ಸಾಕು, ಸಫೀನಾಳ ಜೀವ ಬಾಯಿಗೆ ಬರುತ್ತಿತ್ತು. ಪೊಲೀಸರೇ ಬಂದರೇನೋ ಎಂಬ ಭಯ.

ಅವಳ ಗಂಡ ಶಹೀದ್ ಅರಬ್ಬಿ ನಾಡಿನ ರುಸ್ತಾಕ್ ಪಟ್ಟಣದ ವಾಚ್ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನು ನೋಡಿಕೊಳ್ಳುವ ಶೋಕೇಸಿನಿಂದ ಮೂರು ವಾಚ್ ಕಳವಾಗಿದ್ದವು. ಆ ದಿನ ಅವನು ಕೆಲಸಕ್ಕೆ ಬಂದಿದ್ದನೆಂದು ಹಾಜರಿ ಕಾರ್ಡು ಹೇಳುತ್ತಿತ್ತು. ಅದನ್ನೇ ನಂಬಿ ಅವನ ಮೇಲೆ ಕೇಸ್ ಹಾಕಿದ್ದರು.

ನಿಜವೆಂದರೆ ಆ ದಿನ ಶಹೀದ್ ದೂರದ ಬುರೈಮಿ ಪಟ್ಟಣದಲ್ಲಿದ್ದ. ತಂಗಿ ಹಲೀಮಾಳ ಹೆರಿಗೆಗೆ ರಕ್ತ ಕೊಡಲು ಹೋಗಿದ್ದ. ಸಂಬಳ ಕತ್ತರಿಸಬಾರದೆಂದು ಜೊತೆಗಾರ ವಿಶಾಲ್ ಅವನ ಕಾರ್ಡನ್ನೂ ತಾನೇ ಹಾಜರಿ ಯಂತ್ರದಲ್ಲಿ ಪಂಚ್ ಮಾಡಿದ್ದ. ನಮ್ಮವರಲ್ಲಿ ಇದಕ್ಕೆ ಉಪಕಾರ ಎನ್ನುತ್ತಾರೆ! ವಿಚಾರಣೆಯಲ್ಲಿ ಶಹೀದ್ ಅದರ ಬಗ್ಗೆ ಬಾಯಿಬಿಡಲಿಲ್ಲ. ಅರಬ್ಬಿಯಲ್ಲಿ ಬರೆದ ಹೇಳಿಕೆಗೆ, ಏನಿದೆಯೆಂದು ಕೇಳದೆ, ಸಹಿ ಹಾಕಿ ಬಂದಿದ್ದ.

ಖುರುಮ್ ಎಂಬಲ್ಲಿನ ವಕೀಲರ ಆಫೀಸಿನಲ್ಲಿ ಭಾಷಾಂತರ ಮಾಡುವ ಹೇಝಲಕ್ಕ, ಊರಿನಲ್ಲಿ ಸಫೀನಾಳ ನೆರೆಮನೆಯವಳು, ಸುದ್ದಿ ತಿಳಿದು ಬಂದು ನಡೆದದ್ದನ್ನೆಲ್ಲ ಕೇಳಿದಳು.

"ಅಧಿಕಾರಿಗಳ ಮುಂದೆ ಇಟ್ಟ ದಾಖಲೆಯೇ ತಪ್ಪು. ಈ ಕೇಸನ್ನು ಪ್ರಶ್ನೆ ಮಾಡ್ಲಿಕ್ಕೆ ಆಗ್ತದೆ," ಎಂದಳು.

"ಹೇಳಿದ್ರೆ ಇವರ ಕೆಲಸ ಹೋಗ್ತದೆ ಹೇಝಲಕ್ಕ, ವಿಶಾಲನದ್ದೂ," ಎಂದಳು ಸಫೀನಾ. "ಎದುರು ಮಾತಾಡಿದ್ರೆ ಪೊಲೀಸರಿಗೆ ಇನ್ನೂ ಸಿಟ್ಟು ಬರ್ಲಿಕ್ಕಿಲ್ವಾ?"

"ನೀವು ಹೇಳದಿದ್ರೆ ಅವರಿಗೆ ಕನಸು ಬೀಳ್ತದಾ ಮಾರಾಯ್ತಿ? ಕೆಲಸ ಇನ್ನೊಂದು ಸಿಗ್ತದೆ. ಜೈಲಲ್ಲಿ ಹಾಳಾದ ವರ್ಷ ವಾಪಸ್ ಸಿಗ್ತದಾ? ರಕ್ತ ಕೊಟ್ಟ ಚೀಟಿ ಉಂಟಾ?"

ಚೀಟಿ ಇತ್ತು. ದಿನಾಂಕ, ಸಮಯ, ಶಹೀದನ ಐಡಿ ನಂಬರು, ಎಲ್ಲ ಅದರಲ್ಲಿತ್ತು. ಸಫೀನಾ ಅದನ್ನು ಎರಡು ಸಲ ಓದಿದಳು. ಆಮೇಲೆ ಗಂಡನ ಕೈಗಿಟ್ಟಳು. "ಹೋಗಿ, ಹೇಳಿ."

ವಕೀಲರ ಜೊತೆ ಶಹೀದ್ ಹೊರಟಾಗ ವಿಶಾಲನೂ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಪಂಚ್ ಮಾಡಿದ್ದು ನಾನು. ನಾನೇ ಹೇಳ್ತೇನೆ," ಎಂದ.

ಅಧಿಕಾರಿಯ ಮುಂದೆ ಅಲ್ಲಿನ ಭಾಷಾಂತರಕಾರರು ಹಳೆಯ ಹೇಳಿಕೆಯನ್ನು ಓದಿ ತಿಳಿಸಿದರು. "ಆ ದಿನ ನಾನು ಅಂಗಡಿಯಲ್ಲಿದ್ದೆ ಅಂತ ಉಂಟು. ಇದು ಸರಿಯಾ?"

ಶಹೀದ್ ಅಧಿಕಾರಿಯನ್ನೇ ನೋಡಿದ. "ಅಲ್ಲ," ಎಂದ. ಚೀಟಿ ಮುಂದಿಟ್ಟ.

ಮತ್ತೆ ತನಿಖೆಯಾಯಿತು. ಶಹೀದನ ಮೇಲಿನ ಕೇಸ್ ಕೈಬಿಟ್ಟರು. ಕಾರ್ಡಿನ ಸುಳ್ಳಿಗಾಗಿ ಇಬ್ಬರ ಕೆಲಸವೂ ಹೋಯಿತು. ಆದರೆ ಮರುದಿನ ಬಾಗಿಲು ಬಡಿದಾಗ ಸಫೀನಾ ತಾನೇ ಎದ್ದು ತೆರೆದಳು.

ಅಣ್ಣಂದಿರೇ, ಅಕ್ಕಂದಿರೇ, ಇನ್ನೊಬ್ಬರ ಕಾರ್ಡು ಮುಟ್ಟಬೇಡಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಭಾಷಾಂತರ ಕೇಳಿ. ನಿಮ್ಮ ಮೇಲಿನ ಆರೋಪದಲ್ಲಿ ತಪ್ಪಿದ್ದರೆ ಬೇಗ ವಕೀಲರಿಗೆ ತಿಳಿಸಿ. ಹೆದರಿಕೆ ಎಲ್ಲರಿಗೂ ಆಗುತ್ತದೆ. ಹೆದರಿಕೊಂಡೇ ಆದರೂ "ಅಲ್ಲ" ಎನ್ನಿ.