ರಾಜ ಗೋಣಿ ಉಡುವ ದೃಶ್ಯ

ಗುಬ್ಬಿಯ ಕರಿಬಸವಯ್ಯ ಮೇಷ್ಟ್ರು ಕಲಿಸದ ನಾಟಕವಿರಲಿಲ್ಲ. ಸುತ್ತಲ ಹಳ್ಳಿಗಳ ದುರ್ಯೋಧನರೆಲ್ಲ ಅವರ ಹಾರ್ಮೋನಿಯಂ ಮುಂದೆ ತೊಡೆ ತಟ್ಟುವುದನ್ನು ಕಲಿತವರೇ. ಆದರೆ ಮಗಳು ಪಲ್ಲವಿ ಜ್ವರದಲ್ಲಿ ತೀರಿಹೋದ ಮೇಲೆ ಅವರು ಪೆಟ್ಟಿಗೆಯ ಮುಚ್ಚಳ ತೆಗೆದಿರಲಿಲ್ಲ. ತುಮಕೂರಿನ ಚರ್ಚೊಂದರ ಪಾಸ್ಟರ್ ಭೀಮರಾಜ್ ಮನೆಗೆ ಬಂದು, ಕ್ರಿಸ್‌ಮಸ್ಸಿಗೆ ಎಲೀಯ ಪ್ರವಾದಿಯ ನಾಟಕ ಕಲಿಸಿಕೊಡಿ ಎಂದಾಗಲೂ ಒಲ್ಲೆ ಎನ್ನುವವರಿದ್ದರು. ಕಥೆಯನ್ನಾದರೂ ಕೇಳಿ ಎಂದು ಪಾಸ್ಟರು ಶುರುಮಾಡಿದರು.

ಇಸ್ರಾಯೇಲ್ ದೇಶದ ದೊರೆ ಅಹಾಬ. ಹೆಂಡತಿ ಈಜೆಬೆಲಳ ಮಾತು ಕೇಳಿ, ಕಾಪಾಡಿದ ದೇವರನ್ನು ಬಿಟ್ಟು ಬಾಳನೆಂಬ ವಿಗ್ರಹಕ್ಕೆ ಗುಡಿ ಕಟ್ಟಿಸಿದವನು. ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷಿತೋಟ ಅವನ ಕಣ್ಣಿಗೆ ಬಿತ್ತು. ಹಿರಿಯರ ನೆಲ, ಕೊಡಲಾರೆ ಎಂದ ನಾಬೋತನನ್ನು ಸುಳ್ಳು ಸಾಕ್ಷಿ ಹುಟ್ಟಿಸಿ ಕೊಲ್ಲಿಸಿದರು. ದೊರೆ ಆ ತೋಟಕ್ಕೆ ಕಾಲಿಡುವ ಹೊತ್ತಿಗೆ ಕಂಬಳಿ ಹೊದ್ದ ಎಲೀಯ ಎದುರು ಬಂದು ನಿಂತ.

ಮೇಷ್ಟ್ರು ಅಷ್ಟೂ ಕೇಳಿ, ಎದ್ದುಹೋಗಿ ಹಾರ್ಮೋನಿಯಂ ಮೇಲಿನ ಧೂಳು ಒರೆಸಿದರು.

ಅವರ ಹುಟ್ಟೂರು ನಿಟ್ಟೂರಿನ ಆಚೆಗಿನ ಸಣ್ಣ ಹಳ್ಳಿ. ಅಲ್ಲಿಯ ರುದ್ರಭೂಮಿಯ ಮೂಲೆಯಲ್ಲಿ ಪಲ್ಲವಿಯನ್ನು ಕುಲಾಚಾರದಂತೆ ಕೂರಿಸಿ, ಅಂಗೈಯಲ್ಲಿ ಅವಳ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮಾಡಿದ್ದರು. ರಸ್ತೆಗೆ ಕಾಣುವ ಮೂಲೆ ಅದು. ಊರಿನ ಮುಖಂಡ ರೇಣುಕಾಪ್ರಸಾದ್ ತೀರಿಕೊಂಡ ತನ್ನ ತಂದೆಯ ಪ್ರತಿಮೆಯನ್ನು ಅಲ್ಲಿಯೇ ನಿಲ್ಲಿಸಬೇಕೆಂದು ಹಟ ಹಿಡಿದಿದ್ದ. ಮಣ್ಣಿನ ಮಾದರಿಗೆ ಆಗಲೇ ದಿನವೂ ಮಂಗಳಾರತಿ ನಡೆಯುತ್ತಿತ್ತು. ಬೇಡವೆನ್ನುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಆದದ್ದು ಯಾರ ಕೈಯಲ್ಲೂ ಇರಲಿಲ್ಲ. ಈ ಸೀಮೆಯಲ್ಲಿ ನಾಟಕದ ಖರ್ಚು ಹೊತ್ತವನೇ ರಾಜ. ಚರ್ಚಿನವರು ಪರದೆಗೂ ಲೈಟಿಗೂ ಒದ್ದಾಡುತ್ತಿದ್ದಾಗ ರೇಣುಕಾಪ್ರಸಾದ್ ತಾನಾಗಿ ಬಂದ. ಅವನಿಗೆ ತುಮಕೂರಿನ ವೋಟು ಬೇಕಿತ್ತು. ಅಹಾಬನ ಕಿರೀಟ ಅವನ ಪಾಲಾಯಿತು. ಎಲೀಯನ ಪಾತ್ರ ಮಾತ್ರ ಯಾರಿಗೂ ಬೇಡವಾಯಿತು.

"ಒಂದು ಹಾಡಿಲ್ಲ, ಒಂದು ಜರಿ ಅಂಗಿಯಿಲ್ಲ. ಕಂಬಳಿ ಹೊದ್ಕೊಂಡು ಬಯ್ಯೋಕೆ ನಮ್ಮ ತಾತ ಸಾಕು" ಎಂದು ಹುಡುಗರು ನಕ್ಕರು. ಮೇಷ್ಟ್ರು ಆ ಕಂಬಳಿಯನ್ನು ತಾವೇ ಹೊದ್ದರು.

ಒಂದು ಸಂಜೆ ತಾಲೀಮಿನಲ್ಲಿ ರೇಣುಕಾಪ್ರಸಾದ್ ಕುರ್ಚಿಯಿಂದ ಏಳದೆಯೇ ಹೇಳಿದ. "ಮೇಷ್ಟ್ರೇ, ಕೊನೇಲಿ ರಾಜ ಬಟ್ಟೆ ಹರ್ಕೊಂಡು ಗೋಣಿತಟ್ಟು ಉಟ್ಕೊಳ್ಳೋ ಸೀನ್ ಐತಲ್ಲ, ಅದ್ನ ತೆಗ್ದಾಕ್ಬುಡಿ. ಎಲೆಕ್ಷನ್ ಹತ್ರ ಬತ್ತಾ ಐತೆ. ಯಾವನಾದ್ರೂ ಫೋಟೋ ಹೊಡ್ದು ಸ್ಟೇಟಸ್‌ಗೆ ಹಾಕಿದ್ರೆ ನನ್ನ ಕಥೆ ಏನು?"

ಪಾಸ್ಟರು ಮೆಲ್ಲಗೆ ಅಂದರು, "ಅದೇ ಮುಖ್ಯ ಸಾರ್. ಆ ರಾಜ ತಪ್ಪಾಯಿತೆಂದು ಗೋಣಿ ಉಟ್ಟು ತಗ್ಗಿದ್ದಕ್ಕೇ ದೇವರು ಕರುಣೆ ತೋರಿಸಿದ್ದು."

"ಸೀನ್ ಇಲ್ದಿದ್ರೂ ತೋರಿಸ್ತಾನೆ ಬುಡಿ ಪಾಸ್ಟರೇ. ಲೈಟು ಪರದೆ ಎಲ್ಲಾ ನಂದೇ ಅಲ್ವಾ?"

ಗೋಣಿತಟ್ಟು ಮಡಿಸಿ ಪೆಟ್ಟಿಗೆ ಸೇರಿತು. ಎಲ್ಲರೂ ಟೀ ಕುಡಿಯಲು ಹೋದ ಮೇಲೆ ಮೇಷ್ಟ್ರು ಅವನ ಹತ್ತಿರ ಬಂದು ನಿಂತರು.

"ಪ್ರಸಾದಪ್ಪ, ನೀನೂ ಲಿಂಗ ಕಟ್ಟಿದೋನು. ನಮ್ಮ ಮಗು ಅಂಗೈಲಿ ಲಿಂಗ ಐತೆ. ಅದರ ತಲೆ ಮೇಲೆ ನಿಮ್ಮಪ್ಪನ ಪಾದ ಇಡ್ಬೇಡಪ್ಪ. ಪುಣ್ಯಾತ್ಮ ನಿಮ್ಮಪ್ಪ, ಅವರೇ ಬದುಕಿದ್ದಿದ್ರೆ ಒಪ್ತಿರ್ಲಿಲ್ಲ."

ರೇಣುಕಾಪ್ರಸಾದ್ ಫೋನು ಜೇಬಿಗಿಟ್ಟ. "ನಾಟ್ಕ ಮುಗೀಲಿ ಮೇಷ್ಟ್ರೇ, ಕೂತ್ಕೊಂಡು ಮಾತಾಡಾಣ. ಅಲ್ಲೀಗಂಟ ಅಲ್ಲಿ ಒಂದು ಗುದ್ಲಿ ಬೀಳಲ್ಲ. ನನ್ನ ಮಾತು."

ಆ ಮಾತನ್ನು ನಂಬಿ ಮೇಷ್ಟ್ರು ಊರಿನ ಕಡೆ ಹೋಗುವುದನ್ನೇ ಬಿಟ್ಟರು. ಹೊಟ್ಟೆಯೊಳಗಿನದ್ದನ್ನೆಲ್ಲ ಎಲೀಯನ ಬಾಯಿಗೆ ಕೂಡಿಟ್ಟುಕೊಂಡರು. ಜನರೆದುರು ಒಮ್ಮೆ ಸತ್ಯ ಕಿವಿಗೆ ಬಿದ್ದರೆ ಕಲ್ಲೂ ಕರಗೀತು ಎಂಬುದು ಅವರ ಆಸೆ.

ನಾಟಕದ ಸಂಜೆ ಚರ್ಚಿನ ಅಂಗಳ ಕಿಕ್ಕಿರಿದಿತ್ತು. ರಾಜ ಸಿಂಹಾಸನ ಏರಿದ್ದೇ ತಡ, ಅವನ ಕಡೆಯವರು ವಾಡಿಕೆಯಂತೆ ಆಟ ನಿಲ್ಲಿಸಿ ರಂಗಕ್ಕೆ ಹತ್ತಿ ಹಾರ ಹಾಕಿದರು. ಅಹಾಬ ಕೈಮುಗಿದು ನಾಲ್ಕೂ ದಿಕ್ಕಿಗೆ ತಿರುಗಿದ. ಆಮೇಲೆ ಎಲೀಯ ಬಂದ.

"ದೊರೆಯೇ, ಸತ್ತವನ ನೆಲದ ಮೇಲೆ ನಿಂತಿದ್ದೀಯೆ. ನೀನು ಕಟ್ಟಿಸಿದ ಬೊಂಬೆಗೆ ಕಣ್ಣಿದೆ, ನೋಡದು. ಕಿವಿಯಿದೆ, ಕೇಳದು. ಈ ಮಣ್ಣಿನೊಳಗೆ ಕೂತವರು ಕೇಳುತ್ತಿದ್ದಾರೆ. ಅವರ ಪಾಲಿನ ಒಂದು ಹಿಡಿ ನೆಲ ಅವರಿಗೆ ಬಿಡು."

ಚಪ್ಪಾಳೆ ಬಿತ್ತು. ಹಿಂದಿನಿಂದ ಕೂಗು ಬಂತು. "ಒನ್ಸ್ ಮೋರ್ ಮೇಷ್ಟ್ರೇ."

ಜನ ಒನ್ಸ್ ಮೋರ್ ಅಂದರೆ ಕಲಾವಿದ ಒಲ್ಲೆ ಎನ್ನುವಂತಿಲ್ಲ. ಜೀವಮಾನವಿಡೀ ಶಿಷ್ಯರಿಗೆ ಅವರು ಹೇಳಿಕೊಟ್ಟದ್ದು ಅದನ್ನೇ. ಮತ್ತೆ ಶುರುಮಾಡಿದರು. ಮಣ್ಣಿನೊಳಗೆ ಕೂತವರು ಎಂಬಲ್ಲಿಗೆ ಬಂದಾಗ ಕಂಬಳಿಯ ಅಂಚು ಬಾಯಿಗೊತ್ತಿಕೊಂಡು ನಿಂತುಬಿಟ್ಟರು.

"ಏನ್ ಆಕ್ಟಿಂಗ್ಲಾ ಇದು" ಎಂದು ಮುಂದಿನ ಸಾಲಿನವನೊಬ್ಬ ಕಣ್ಣೊರೆಸಿಕೊಂಡ. ಶಿಳ್ಳೆಗಳು ಎದ್ದವು.

ಅದು ಆಟವಲ್ಲವೆಂದು ತಿಳಿದವನು ರಾಜನೊಬ್ಬನೇ. ಅವನು ತಲೆ ತಗ್ಗಿಸಿದ. ಆಮೇಲೆ ಎದ್ದುಬಂದು ತನ್ನ ಕೊರಳಿನ ಹಾರ ತೆಗೆದು ಮೇಷ್ಟ್ರ ಕೊರಳಿಗೆ ಹಾಕಿದ. ಅಂಗಳ ಅಲ್ಲಾಡಿಹೋಗುವಂತೆ ಚಪ್ಪಾಳೆ. ಆ ಗದ್ದಲದಲ್ಲಿ ಅವನು ಕಿವಿಯ ಬಳಿ ಬಗ್ಗಿದ.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಕಂಟ್ರಾಕ್ಟರು ಬೆಳಿಗ್ಗೇನೇ ಕಾಂಕ್ರೀಟ್ ಹಾಕ್ಬುಟ್ಟವ್ನೆ."

"ಮಗೂನ ಎಬ್ಬಿಸಿದ್ರಾ?"

"ಇಲ್ಲ ಇಲ್ಲ, ಮುಟ್ಟಿಲ್ಲ. ಮೇಲೇ ಹಾಕವ್ರೆ."

ಮುಂದಿನ ಮಾತು ಎಲೀಯನದ್ದು. ಪಾಸ್ಟರು ಬಹಳ ಹೊತ್ತು ಕಾದು ಪರದೆ ಎಳೆಸಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ನಿಟ್ಟೂರಿನಲ್ಲಿ ಬಸ್ಸಿಳಿದು, ಆ ಹಾರವನ್ನು ಪೇಪರಿನಲ್ಲಿ ಸುತ್ತಿಕೊಂಡು ನಡೆದರು. ಮಗಳ ಮಣ್ಣಿನ ದಿಬ್ಬ ಇದ್ದಲ್ಲಿ ಚೌಕನೆಯ ಕಟ್ಟೆ ಎದ್ದಿತ್ತು. ಹಸಿ ಕಾಂಕ್ರೀಟು ಬಿರಿಯದಿರಲೆಂದು ಅದಕ್ಕೆ ಉದ್ದಕ್ಕೂ ಗೋಣಿಚೀಲ ಹೊದಿಸಿದ್ದರು. ಕೂಲಿಯವನೊಬ್ಬ ಪೈಪು ಹಿಡಿದು ನೀರುಣಿಸುತ್ತಿದ್ದ.

ಮೇಷ್ಟ್ರು ಆ ಗೋಣಿಯನ್ನು ನೋಡುತ್ತ ನಿಂತರು. ರಾಜ ಉಡಲಾರದೆ ಹೋದದ್ದನ್ನು ಕಲ್ಲು ಉಟ್ಟುಕೊಂಡು ಕೂತಿತ್ತು.

"ಯಾರ್ ಬೇಕಿತ್ತು ಯಜಮಾನ್ರೇ?" ಎಂದ ಕೂಲಿಯವನು.

"ಇಲ್ಲೇ ಅವಳೆ" ಎಂದರು ಮೇಷ್ಟ್ರು. "ಪೈಪು ಸ್ವಲ್ಪ ಈ ಕಡೆ ಹಿಡಿಯಪ್ಪ."

ಹಾರದ ಪೊಟ್ಟಣವನ್ನು ಬದಿಗಿಟ್ಟು, ಕಟ್ಟೆಯ ಪಕ್ಕದ ನೆಲದಲ್ಲಿ ಪದ್ಮಾಸನ ಹಾಕಿ ಕೂತರು. ಕೊರಳಿನ ಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿಟ್ಟುಕೊಂಡು, ಬಲಗೈಯಲ್ಲಿ ಪೈಪಿನ ನೀರು ಹಿಡಿದು ಎರೆದರು. ಬೆರಳಸಂದಿಯಿಂದ ಇಳಿದ ನೀರು ಗೋಣಿಯ ಅಂಚನ್ನು ನೆನೆಸುತ್ತ, ಕಟ್ಟೆಯ ಬುಡದ ಮಣ್ಣಿನೊಳಕ್ಕೆ ಇಂಗತೊಡಗಿತು.